ಮಂಡಿಗೆ ಶಾಖವೋ, ಐಸೋ?

ಮೆಟ್ಟಿಲಿಳಿಯುವಾಗ ಉಳುಕಿದ ಬಲಮಂಡಿಯ ನೋವು ತಿಂಗಳಲ್ಲಿ ಹೋಯಿತು, ಬಿಗಿತ ಮಾತ್ರ ಹೋಗಲಿಲ್ಲ. ಬೋರಲು ಮಲಗಿ ಕಾಲು ಮಡಚಿದರೆ ಎಡ ಹಿಮ್ಮಡಿ ಕುಂಡಿಗೆ ತಾಗುತ್ತಿತ್ತು, ಬಲದ್ದು ಗೇಣು ದೂರದಲ್ಲೇ ನಿಲ್ಲುತ್ತಿತ್ತು. ಆ ಗೇಣನ್ನೇ ಅಳತೆಗೋಲು ಮಾಡಿಕೊಂಡು ಎರಡೆರಡು ವಾರ ಒಂದೊಂದು ಉಪಾಯ ಮಾಡಿ ನೋಡಿದೆ.

ಮೊದಲು ಐಸ್. ಜೆಲ್ ಪ್ಯಾಕನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ. ಮರಗಟ್ಟಿದ ಮಂಡಿ ಹಾಯೆನಿಸುತ್ತದೆ, ಮೋಸ ಹೋಗುವುದೂ ಅಲ್ಲೇ. ತಂಪಿಗೆ ನರಗಳ ಸಂದೇಶ ನಿಧಾನವಾಗಿ ನೋವು ತಿಳಿಯುವುದಿಲ್ಲ, ಆದರೆ ಕೀಲಿನ ಸುತ್ತಲಿನ ಅಂಗಾಂಶ ಇನ್ನಷ್ಟು ಬಿರುಸಾಗಿರುತ್ತದೆ. ಒಂದು ದಿನ ಆ ಮರಗಟ್ಟಿದ ಕಾಲನ್ನೇ ಜೋರಾಗಿ ಮಡಚಿದೆ, ಸಂಜೆಗೆ ಮಂಡಿ ಊದಿಕೊಂಡಿತು. ಎರಡು ವಾರದ ಕೊನೆಗೂ ಗೇಣು ಗೇಣಾಗಿಯೇ ಇತ್ತು. (ಪೆಟ್ಟಾದರೆ ಐಸ್ ಎಂಬ ಸೂತ್ರವನ್ನು 1978ರಲ್ಲಿ ಹೇಳಿದ ವೈದ್ಯ ಗೇಬ್ ಮಿರ್ಕಿನ್ ಅವರೇ, ಐಸಿನಿಂದ ವಾಸಿಯಾಗುವುದು ತಡವಾಗಬಹುದು ಎಂದು ಮುಂದೆ ಮಾತು ಬದಲಿಸಿದರು.)

ಆಮೇಲೆ ಶಾಖ. ಟವೆಲ್ ಸುತ್ತಿದ ಬಿಸಿನೀರಿನ ಚೀಲ, 20 ನಿಮಿಷ. ಮೊದಲ ವಾರ ಇದೂ ದಂಡವೇ. ಶಾಖ ತೆಗೆದುಕೊಂಡು ಎದ್ದು ಬೇರೆ ಕೆಲಸಕ್ಕೆ ಹೋಗುತ್ತಿದ್ದೆ, ಅದೇ ತಪ್ಪು. ಬಿಸಿಗೆ ರಕ್ತದ ಓಡಾಟ ಹೆಚ್ಚಿ ಸ್ನಾಯು ಸಡಿಲವಾಗುತ್ತದೆ, ಅಂಗಾಂಶವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು ಎಳೆದರೆ ಹಿಗ್ಗುವಂತಾಗುತ್ತವೆ. ಆದರೆ ಎಳೆಯಬೇಕಾದವರು ನಾವೇ, ಅದೂ ಕಾವು ಆರುವ ಮೊದಲೇ. ಎರಡನೇ ವಾರ ಚೀಲ ತೆಗೆದ ಕೂಡಲೇ ಕಾಲು ಮಡಚಿ 30 ಸೆಕೆಂಡು ಹಿಡಿಯುವುದನ್ನು ನಾಲ್ಕು ಸಲ ಮಾಡಿದೆ. ಗೇಣು ನಾಲ್ಕು ಬೆರಳಿಗೆ ಇಳಿಯಿತು. ದಿನ ಕಳೆದಂತೆ ತಾನಾಗಿ ಬಂದ ಗುಣವೂ ಇದರಲ್ಲಿ ಸೇರಿರಬಹುದು, ಆದರೆ ಮಡಚದೆ ಬಿಟ್ಟ ದಿನ ಬೆಳಗ್ಗೆ ಮಂಡಿ ಮತ್ತೆ ಹಿಡಿದುಕೊಳ್ಳುತ್ತಿತ್ತು. ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲ್ ಹಿತವೆನಿಸಿದರೂ ಐದೇ ನಿಮಿಷಕ್ಕೆ ಆರಿಹೋಗುತ್ತದೆ.

ಕೊನೆಗೆ ಬಿಸಿ-ತಣ್ಣೀರಿನ ಸರದಿ: 40 ಡಿಗ್ರಿಯೊಳಗಿನ ಬಿಸಿನೀರು ಮೂರು ನಿಮಿಷ, ತಣ್ಣೀರು ಒಂದು ನಿಮಿಷ. ಬಕೆಟ್ಟಿನಲ್ಲಿ ಪಾದ ಮುಳುಗುತ್ತದೆ, ಮಂಡಿ ಮುಳುಗುವುದಿಲ್ಲ. ಟವೆಲ್‌ಗಳಲ್ಲಿ ಮಾಡಿದೆ, ನೆಲವೆಲ್ಲ ಒದ್ದೆ. ಶಾಖಕ್ಕಿಂತ ಹೆಚ್ಚೇನೂ ಸಿಗಲಿಲ್ಲ, ನಾಲ್ಕನೇ ದಿನಕ್ಕೇ ಬಿಟ್ಟೆ.

ಈಗ ಬೆಳಗ್ಗೆ ಶಾಖ, ಕೂಡಲೇ ಮಡಚುವುದು. ಹೆಚ್ಚು ನಡೆದು ಊತ ಬಂದ ದಿನ ಮಾತ್ರ ಐಸ್. ಹೊಸ ಪೆಟ್ಟಾಗಿ ಮಂಡಿ ಕೆಂಪಾಗಿ ಊದಿದ್ದರೆ ಅದಕ್ಕೆ ಶಾಖ ಮುಟ್ಟಿಸುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಮಂದವಾಗಿರುವವರಿಗೆ ಚರ್ಮ ಸುಟ್ಟರೂ ತಿಳಿಯದು, ಅವರು ವೈದ್ಯರನ್ನು ಕೇಳದೆ ಇವೆರಡಕ್ಕೂ ಕೈ ಹಾಕಬಾರದು. ನನ್ನ ಲೆಕ್ಕದಲ್ಲಿ ಇನ್ನೂ ಎರಡು ಬೆರಳು ಬಾಕಿ ಇದೆ.