ಹಗುರ, ಅಗ್ಗ, 300 ಎಂಎಂ: ತಗೊಳ್ಳುವ ಮುಂಚೆ ಇದನ್ನೊಮ್ಮೆ ಓದಿ

ಟ್ರಿಪ್‌ಗೆ ಅಂತ ಹಗುರವಾದ, ಕೈಗೆಟುಕುವ ಬೆಲೆಯ ಟೆಲಿಫೋಟೋ ಜೂಮ್ (ದೂರದ್ದನ್ನು ಹತ್ತಿರ ತೋರಿಸುವ ಕ್ಯಾಮೆರಾ ಲೆನ್ಸ್) ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ, ಆಮೇಲೆ ಆರ್ಡರ್ ಮಾಡಿ. ನಾನು ತರಿಸಿದ್ದು 70-300 ಎಂಎಂ ಜೂಮ್. ತೂಕ ಅರ್ಧ ಕಿಲೋಗಿಂತ ಕಡಿಮೆ. ಮಾರುವವರ ಪುಟದಲ್ಲಿ ದಪ್ಪ ಅಕ್ಷರದಲ್ಲಿ ‘ಸ್ಟೆಬಿಲೈಸೇಷನ್ ಇದೆ, ವೈಲ್ಡ್‌ಲೈಫ್‌ಗೆ ಹೇಳಿ ಮಾಡಿಸಿದ ಲೆನ್ಸ್’ ಅಂತ ಬರೆದಿತ್ತು. ಅದರ ಕೆಳಗೆ ಕೊಕ್ಕಿನಲ್ಲಿ ಮೀನು ಹಿಡಿದು ಕೂತ ಮಿಂಚುಳ್ಳಿಯ ಫೋಟೋ. ಒಂದೊಂದು ಗರಿಯನ್ನೂ ಎಣಿಸಬಹುದು, ಹಾಗಿತ್ತು. ಲೆನ್ಸ್ ಕೈಗೆ ಬಂದದ್ದು ಹೊರಡುವ ಹಿಂದಿನ ಸಂಜೆ. ತಡ ಮಾಡಿದ್ದೂ ಅವರೇ.

ಪ್ಯಾಕ್ ಒಡೆದು ನೋಡಿದರೆ ಲೆನ್ಸಿನ ಮೈಮೇಲೆ ಸ್ಟೆಬಿಲೈಸೇಷನ್ ಇದೆ ಅಂತ ತೋರಿಸುವ ಅಕ್ಷರಗಳೇ ಇಲ್ಲ. ಹೊಸಬರಿಗೆ ಇದು ಗೊತ್ತಿರುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಕೈ ಅಲುಗಾಟವನ್ನು ಲೆನ್ಸಿನ ಒಳಗೇ ಸರಿಮಾಡುವ ವ್ಯವಸ್ಥೆಗೆ ಒಬ್ಬೊಬ್ಬರು ಒಂದೊಂದು ಹೆಸರಿಟ್ಟಿದ್ದಾರೆ. ನಿಕಾನ್‌ನವರು ವಿಆರ್, ಕ್ಯಾನನ್‌ನವರು ಐಎಸ್, ಸೋನಿಯವರು ಓಎಸ್‌ಎಸ್, ಟ್ಯಾಮ್ರಾನ್‌ನವರು ವಿಸಿ, ಸಿಗ್ಮಾದವರು ಓಎಸ್. ಕಡಿಮೆ ಬೆಲೆಯ ಜೂಮ್‌ಗಳಲ್ಲಿ ಕೆಲವು ಎರಡು ಥರ ಬರುತ್ತವೆ, ಒಂದರಲ್ಲಿ ಇದು ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಆಕಾರ, ಬಣ್ಣ ಎಲ್ಲ ಹೆಚ್ಚುಕಡಿಮೆ ಒಂದೇ. ಹೆಸರಿನ ಸಾಲಿನಲ್ಲಿ ಆ ಎರಡು ಮೂರು ಅಕ್ಷರ ಇದೆಯಾ ಇಲ್ಲವಾ ಅಷ್ಟೇ ವ್ಯತ್ಯಾಸ. ಲೆನ್ಸಿನ ಮೇಲೆ ಸ್ವಿಚ್ ಇದೆಯಾ ಅಂತ ನೋಡಿ ತೀರ್ಮಾನ ಮಾಡಬೇಡಿ, ಸ್ವಿಚ್ ಇಲ್ಲದ ಸ್ಟೆಬಿಲೈಸ್ಡ್ ಲೆನ್ಸುಗಳೂ ಇವೆ. ಅಕ್ಷರವನ್ನೇ ನೋಡಿ.

ತಕ್ಷಣ ಫೋನ್ ಮಾಡಿದೆ. ‘ಕ್ಯಾಮೆರಾ ಮೆನುವಿನಲ್ಲಿ ಆನ್ ಮಾಡಿಕೊಳ್ಳಿ ಸಾರ್’ ಅಂದರು. ನನ್ನ ಕ್ಯಾಮೆರಾ ಬಾಡಿಯಲ್ಲಿ ಸ್ಟೆಬಿಲೈಸೇಷನ್ನೇ ಇಲ್ಲ, ಇನ್ನು ಮೆನು ಎಲ್ಲಿಂದ ಬರಬೇಕು? ಅದನ್ನು ಹೇಳಿದೆ. ಆಗ ಮಾತು ಬದಲಾಯಿತು. ‘ಪ್ಯಾಕ್ ಒಡೆದ ಮೇಲೆ ವಾಪಸ್ ತಗೊಳ್ಳಲ್ಲ ಸಾರ್.’ ಪ್ಯಾಕ್ ಒಡೆಯದೆ ಲೆನ್ಸಿನ ಮೇಲೆ ಬರೆದದ್ದನ್ನು ಓದುವುದು ಹೇಗೆ ಸಾರ್ ಅಂತ ಕೇಳಿದೆ. ಫೋನ್ ಕಟ್.

ಬೆಳಿಗ್ಗೆ ಹೊರಡಬೇಕು, ಬೇರೆ ಲೆನ್ಸ್ ಇಲ್ಲ. ಅದನ್ನೇ ಬ್ಯಾಗಿಗೆ ಹಾಕಿಕೊಂಡೆ.

ಹಗಲು ಹೊತ್ತಿನಲ್ಲಿ ಏನೂ ತೊಂದರೆ ಅನಿಸಲಿಲ್ಲ. ನಿಜ ಹೇಳಬೇಕೆಂದರೆ ಖುಷಿಯೇ ಆಯಿತು. ಕುತ್ತಿಗೆಗೆ ಭಾರ ಇಲ್ಲ, ಒಂದೇ ಕೈಯಲ್ಲಿ ಎತ್ತಿ ಹಿಡಿಯಬಹುದು. ಎಲ್ಲ ಕೆಟ್ಟದ್ದು ಸಂಜೆ. ಬೆಳಕು ಇಳಿಯುವ ಹೊತ್ತಿಗೆ ಜೀಪ್ ನಿಂತಿತು, ಅಡ್ಡ ಕೊಂಬೆಯ ಮೇಲೆ ಚಿರತೆ. ನಾಲ್ಕೂ ಕಾಲು ಇಳಿಬಿಟ್ಟು ಮಲಗಿತ್ತು, ಬಾಲದ ತುದಿ ಮಾತ್ರ ಆಡುತ್ತಿತ್ತು. ಲೆನ್ಸನ್ನು 300ಕ್ಕೆ ತಿರುಗಿಸಿದೆ, ಅಪರ್ಚರ್ (ಬೆಳಕು ಒಳಗೆ ಬರುವ ಕಿಂಡಿ, ಎಫ್ ಅಂಕಿ ಹೆಚ್ಚಾದಷ್ಟೂ ಕಿಂಡಿ ಚಿಕ್ಕದು) ತಾನಾಗಿಯೇ ಎಫ್/6.3ಕ್ಕೆ ಹೋಗಿ ನಿಂತಿತು. ಐಎಸ್‌ಓ (ಏರಿಸಿದಷ್ಟೂ ಕಡಿಮೆ ಬೆಳಕು ಸಾಕು, ಆದರೆ ಫೋಟೋ ಕಾಳು ಕಾಳಾಗುತ್ತದೆ) 3200 ಇಟ್ಟರೂ ಶಟರ್ ಸ್ಪೀಡ್ 1/60 ಸೆಕೆಂಡ್. ಫೋಕಸ್ ಬಟನ್ ಒತ್ತಿದರೆ ಲೆನ್ಸಿನ ಮೋಟರ್ ಗರ್ರ್ ಅಂತ ಆ ತುದಿಗೆ ಹೋಯಿತು, ಈ ತುದಿಗೆ ಬಂತು, ಮತ್ತೆ ಆ ತುದಿಗೆ ಹೋಯಿತು, ಕೊನೆಗೆ ಚಿರತೆಯನ್ನು ಬಿಟ್ಟು ಮುಂದೆ ಅಡ್ಡ ಬಂದಿದ್ದ ಒಂದು ಎಲೆಯ ಮೇಲೆ ಕೂತಿತು. ಚಿರತೆ ತಲೆ ಎತ್ತಿ ನೇರ ನಮ್ಮ ಕಡೆ ನೋಡಿದ್ದು ಅದೇ ಗಳಿಗೆಯಲ್ಲಿ. ಫೈಂಡರ್‌ನಲ್ಲಿ ನನಗೆ ಕಂಡಿದ್ದು ಒಂದು ಹಳದಿ ಮಸುಕು.

ಆಮೇಲೆ ಫೋಕಸ್ ಸಿಕ್ಕಿತು. ಒಂದಷ್ಟು ಕ್ಲಿಕ್ಕಿಸಿದೆ. ರೂಮಿಗೆ ಬಂದು ಲ್ಯಾಪ್‌ಟಾಪ್‌ಗೆ ಹಾಕಿ ದೊಡ್ಡದು ಮಾಡಿ ನೋಡಿದರೆ ಒಂದೊಂದು ಮೀಸೆ ಕೂದಲೂ ಎರಡೆರಡಾಗಿ ಕಾಣುತ್ತಿತ್ತು. ಕಣ್ಣಿನ ಹೊಳಪಿನ ಚುಕ್ಕೆ ಚುಕ್ಕೆಯಾಗಿ ಉಳಿದಿರಲಿಲ್ಲ, ಸಣ್ಣ ಗೀಟಾಗಿ ಎಳೆದುಕೊಂಡಿತ್ತು. ಗೀಟಾಗಿ ಎಳೆದಿದ್ದರೆ ಅದು ಫೋಕಸ್ ತಪ್ಪಿದ್ದಲ್ಲ, ಕೈ ಅಲುಗಿದ್ದು. ಫೋಕಸ್ ತಪ್ಪಿದರೆ ಚುಕ್ಕೆ ದುಂಡಗೆ ಊದಿಕೊಳ್ಳುತ್ತದೆ. ನಿಮ್ಮ ಹಾಳಾದ ಫೋಟೋಗಳನ್ನು ತೆಗೆದು ಹೀಗೆ ನೋಡಿ, ತಪ್ಪು ಎಲ್ಲಿದೆ ಅಂತ ತಕ್ಷಣ ಗೊತ್ತಾಗುತ್ತದೆ.

ಹೀಗಾಗಲು ಕಾರಣ ಸರಳ. ಕೈಯಲ್ಲಿ ಹಿಡಿದು ತೆಗೆಯುವಾಗ ಶಟರ್ ಸ್ಪೀಡ್ ಕನಿಷ್ಠ ಫೋಕಲ್ ಲೆಂಗ್ತ್‌ನಷ್ಟಾದರೂ (ಲೆನ್ಸಿನ ಎಂಎಂ ಅಂಕಿ) ಇರಬೇಕು ಅನ್ನುವುದು ಹಳೆಯ ಲೆಕ್ಕ, ಅಂದರೆ 300ಕ್ಕೆ 1/300. ಕ್ರಾಪ್ ಸೆನ್ಸರ್ (ಬಿಂಬ ಬೀಳುವ ಸೆನ್ಸರ್ ಅಳತೆಯಲ್ಲಿ ಚಿಕ್ಕದಿರುವ ಕ್ಯಾಮೆರಾ) ಆದರೆ ಆ ಅಂಕಿಯನ್ನು ಒಂದೂವರೆ ಪಟ್ಟು ಮಾಡಿ, 1/450 ಬೇಕು. ನನಗೆ ಸಿಕ್ಕಿದ್ದು 1/60. 1/500 ಹತ್ತಿರ ಹೋಗಬೇಕೆಂದರೆ ಐಎಸ್‌ಓ 25600 ಇಡಬೇಕಿತ್ತು. ಅದೇ ಜಾಗದಲ್ಲಿ ಎಫ್/2.8 ಲೆನ್ಸ್ ಇದ್ದಿದ್ದರೆ ಐದು ಪಟ್ಟು ಬೆಳಕು, 3200ರಲ್ಲೇ 1/300 ಸಿಗುತ್ತಿತ್ತು.

ಇಲ್ಲಿಯೇ ಮಾರುವವರು ಆಟ ಆಡುವುದು. ಅವರು ‘300 ಎಂಎಂ’ ಅನ್ನುವುದನ್ನು ದೊಡ್ಡದಾಗಿ ಹಾಕುತ್ತಾರೆ, ಆದರೆ ಲೆನ್ಸಿನ ಹೆಸರಿನಲ್ಲಿ ಎಫ್ ಪಕ್ಕ ಇರುವ ಎರಡು ಅಂಕಿಗಳಲ್ಲಿ ಎರಡನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾವು ನೋಡಬೇಕಾದ್ದು ಆ ಎರಡನೇ ಅಂಕಿಯನ್ನೇ. ಮೊದಲನೆಯದು 70ರಲ್ಲಿ ಎಷ್ಟು ತೆರೆಯುತ್ತದೆ ಅನ್ನುವುದು, ಎರಡನೆಯದು 300ರಲ್ಲಿ. ಪ್ರಾಣಿ, ಹಕ್ಕಿ ತೆಗೆಯುವವರು 70ರಲ್ಲಿ ಎಷ್ಟು ಹೊತ್ತು ಇರುತ್ತಾರೆ ಹೇಳಿ? ಯಾವಾಗಲೂ ಕೊನೆ ತುದಿಯಲ್ಲೇ ಇರುತ್ತೇವೆ, ಅಲ್ವಾ? 300ನ್ನು 6.3ರಿಂದ ಭಾಗಿಸಿ, ಸುಮಾರು 48 ಎಂಎಂ ಬರುತ್ತದೆ. ಬೆಳಕು ಒಳಗೆ ಬರುವ ಕಿಂಡಿಯ ಅಗಲ ಅಷ್ಟು. 2.8ರಿಂದ ಭಾಗಿಸಿದರೆ 107 ಎಂಎಂ. ಅಷ್ಟು ಅಗಲದ ಗಾಜು ಹಾಕಿದರೆ ಲೆನ್ಸ್ ಹಗುರವಾಗಿ, ಅಗ್ಗವಾಗಿ ಇರಲು ಸಾಧ್ಯವೇ ಇಲ್ಲ. ಹಗುರ ಅನ್ನುವುದು ಸುಮ್ನೆ ಬಂದ ಗುಣ ಅಲ್ಲ, ಬೆಳಕು ಕೊಟ್ಟು ತಗೊಂಡದ್ದು. ಪುಟದಲ್ಲಿ ಅದನ್ನು ಒಂದು ಸಾಲಿನಲ್ಲಾದರೂ ಬರೆಯಬಹುದಿತ್ತು.

ಸ್ಟೆಬಿಲೈಸೇಷನ್ ಇರುವುದೇ ಬಂದಿದ್ದರೆ ಎಲ್ಲ ಸರಿಹೋಗುತ್ತಿತ್ತಾ? ಅರ್ಧ ಸರಿಹೋಗುತ್ತಿತ್ತು. ಸುಮ್ಮನೆ ಮಲಗಿದ ಚಿರತೆ 1/60ರಲ್ಲೂ ಚೆನ್ನಾಗಿ ಬರುತ್ತಿತ್ತು. ಆದರೆ ಅದು ತಡೆಯುವುದು ನಮ್ಮ ಕೈಯ ಅಲುಗಾಟವನ್ನು ಮಾತ್ರ, ಪ್ರಾಣಿಯ ಓಟವನ್ನಲ್ಲ. ಜಿಂಕೆ ನೆಗೆದರೆ, ಹಕ್ಕಿ ರೆಕ್ಕೆ ಬಿಚ್ಚಿದರೆ 1/1000, 1/2000 ಬೇಕೇ ಬೇಕು, ಅಲ್ಲಿ ಯಾವ ವಿಆರ್ ಐಎಸ್ ಕೂಡ ಕೆಲಸಕ್ಕೆ ಬರುವುದಿಲ್ಲ.

ಈಗ ಆ ಮಿಂಚುಳ್ಳಿ ಫೋಟೋ ವಿಷಯ. ಊರಿಗೆ ಬಂದ ಮೇಲೆ ಸಿಟ್ಟಿನಲ್ಲಿ ಅದನ್ನು ಡೌನ್‌ಲೋಡ್ ಮಾಡಿ ಎಕ್ಸಿಫ್ ವಿವರ ತೆಗೆದು ನೋಡಿದೆ. ಫೋಟೋ ಫೈಲ್ ಒಳಗೆ ಕ್ಯಾಮೆರಾ ಬರೆದಿಡುವ ಸೆಟ್ಟಿಂಗ್‌ಗಳ ಪಟ್ಟಿ ಅದು, ಕಂಪ್ಯೂಟರ್‌ನಲ್ಲಿ ಫೈಲ್‌ನ ಪ್ರಾಪರ್ಟೀಸ್ ತೆಗೆದರೆ ಕಾಣುತ್ತದೆ. ಅಲ್ಲಿ ಇದ್ದದ್ದು: 300 ಎಂಎಂ, ಎಫ್/4, 1/2500, ಐಎಸ್‌ಓ 200. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಅವರು ನನಗೆ ಮಾರಿದ ಲೆನ್ಸ್ 300ರಲ್ಲಿ 6.3ಕ್ಕಿಂತ ಜಾಸ್ತಿ ತೆರೆಯುವುದೇ ಇಲ್ಲ. ಹಾಗಾದರೆ ಎಫ್/4 ಎಲ್ಲಿಂದ ಬಂತು? ಬೇರೆ ಯಾವುದೋ ದುಬಾರಿ ಲೆನ್ಸಿನಲ್ಲಿ, ಸುಡು ಬಿಸಿಲಿನಲ್ಲಿ ತೆಗೆದ ಫೋಟೋ ಅದು. ಹೆಚ್ಚಿನವರು ಈ ವಿವರ ಅಳಿಸಿಯೇ ಹಾಕುತ್ತಾರೆ, ಇವರು ಅಷ್ಟೂ ಕಷ್ಟಪಟ್ಟಿಲ್ಲ. ಮಾದರಿ ಫೋಟೋ ನೋಡಿ ಮರುಳಾಗುವ ಮುಂಚೆ ಈ ಒಂದು ನಿಮಿಷದ ಕೆಲಸ ಮಾಡಿ. ವಿವರ ಇಲ್ಲದಿದ್ದರೆ ಆ ಫೋಟೋವನ್ನು ಲೆಕ್ಕಕ್ಕೇ ತಗೋಬೇಡಿ.

ಇನ್ನು ‘300 ಸಾಕು ಸಾರ್, ಹಕ್ಕಿ ಎಲ್ಲ ಫ್ರೇಮ್ ತುಂಬಾ ಬರುತ್ತದೆ’ ಅನ್ನುವ ಮಾತು. ಲೆಕ್ಕ ಮಾಡಿ ನೋಡಿ. ಹಕ್ಕಿಯ ಅಳತೆಯನ್ನು ಫೋಕಲ್ ಲೆಂಗ್ತ್‌ನಿಂದ ಗುಣಿಸಿ ದೂರದಿಂದ ಭಾಗಿಸಿದರೆ ಸೆನ್ಸರ್ ಮೇಲೆ ಬೀಳುವ ಬಿಂಬದ ಅಳತೆ ಸಿಗುತ್ತದೆ. 16 ಸೆಂಟಿಮೀಟರ್ ಹಕ್ಕಿ, 20 ಮೀಟರ್ ದೂರ, 300 ಎಂಎಂ. ಬಂದದ್ದು 2.4 ಎಂಎಂ. ಕ್ರಾಪ್ ಸೆನ್ಸರ್‌ನ ಅಗಲ ಸುಮಾರು 23.5 ಎಂಎಂ. ಅಂದರೆ ಫ್ರೇಮ್‌ನ ಹತ್ತನೇ ಒಂದು ಭಾಗ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಅಗಲಕ್ಕೆ 6000 ಪಿಕ್ಸೆಲ್ ಇದ್ದರೆ ಹಕ್ಕಿಗೆ ಸಿಗುವುದು 600 ಅಷ್ಟೇ. ಕ್ರಾಪ್ ಮಾಡಿದರೆ ಫೋನಿನಲ್ಲಿ ನೋಡಲು ಪರವಾಗಿಲ್ಲ, ಪ್ರಿಂಟ್ ಹಾಕಿಸುವ ಆಸೆ ಬಿಡಿ. ಅದೂ ಈ ಥರದ ಜೂಮ್‌ಗಳು ಹೆಚ್ಚಾಗಿ ಸ್ವಲ್ಪ ಮಂಕಾಗುವುದೇ ಕೊನೆ ತುದಿಯಲ್ಲಿ, ಅಪರ್ಚರ್ ಪೂರ್ತಿ ತೆರೆದಾಗ. ಎಫ್/8ಕ್ಕೆ ಇಳಿಸಿದರೆ ಚೂಪಾಗುತ್ತದೆ, ಆದರೆ ಇರುವ ಬೆಳಕೂ ಕಡಿಮೆಯಾಗುತ್ತದೆ.

ಇದನ್ನು ಹೇಳಿ ಗೊಣಗಿದರೆ ‘ಟೆಲಿಕನ್ವರ್ಟರ್ ಹಾಕಿಕೊಳ್ಳಿ’ ಅನ್ನುವವರು ಸಿಗುತ್ತಾರೆ (ಲೆನ್ಸ್ ಮತ್ತು ಕ್ಯಾಮೆರಾ ನಡುವೆ ಹಾಕಿ ಎಂಎಂ ಹೆಚ್ಚಿಸುವ ಸಾಧನ ಅದು). ದಯವಿಟ್ಟು ಬೇಡ. ಎರಡು ಪಟ್ಟಿನ ಕನ್ವರ್ಟರ್ ಹಾಕಿದರೆ ಎಫ್/6.3 ಹೋಗಿ ಎಫ್/12.6 ಆಗುತ್ತದೆ, ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಆದರೆ ಆಟೋಫೋಕಸ್ ಕೈ ಎತ್ತಿಬಿಡುತ್ತದೆ. ಎಷ್ಟೋ ಅಗ್ಗದ ಜೂಮ್‌ಗಳ ಹಿಂದೆ ಕನ್ವರ್ಟರ್ ಕೂರುವುದೂ ಇಲ್ಲ. ಮುಂದಿನ ಗಾಜಿಗೆ ತಿರುಪು ಹಾಕುವ ‘2.2 ಪಟ್ಟು’ ಅಡಾಪ್ಟರ್ ಅಂತೂ ಕೇಳಲೇಬೇಡಿ.

ಲೆನ್ಸ್ ಪೂರ್ತಿ ಕೆಲಸಕ್ಕೆ ಬಾರದ್ದು ಅಂತ ನಾನು ಹೇಳುವುದಿಲ್ಲ. ಬಿಸಿಲು ಇರುವಾಗ ಗುಡ್ಡದ ಸಾಲು, ಜಾತ್ರೆಯ ಮುಖಗಳು, ಆನೆ ಹಿಂಡು, ಚಿಟ್ಟೆ, ಚಂದ್ರ ಎಲ್ಲ ಚೆನ್ನಾಗಿಯೇ ಬರುತ್ತವೆ. ಇಡೀ ದಿನ ನಡೆಯುವವರಿಗೆ ಎರಡು ಕಿಲೋ ತೂಗುವ 150-600ಗಿಂತ ಇದೇ ಎಷ್ಟೋ ವಾಸಿ. ನನ್ನ ತಕರಾರು ಇರುವುದು ಇದನ್ನು ‘ವೈಲ್ಡ್‌ಲೈಫ್ ಲೆನ್ಸ್’ ಅಂತ ಮಾರುವುದರ ಬಗ್ಗೆ. ಪ್ರಾಣಿಗಳು ಹೊರಗೆ ಬರುವುದು ಬೆಳಗಿನ ಜಾವ, ಇಲ್ಲ ಹೊತ್ತು ಮುಳುಗುವಾಗ. ಈ ಲೆನ್ಸ್ ಸೋಲುವುದೂ ಅದೇ ಹೊತ್ತಿನಲ್ಲಿ.

ಈಗಾಗಲೇ ಇಂಥದ್ದು ನಿಮ್ಮ ಹತ್ತಿರ ಇದ್ದರೆ ಐಎಸ್‌ಓ ಏರಿಸಲು ಹೆದರಬೇಡಿ. ಕಾಳು ಕಾಳಾಗಿ ಬಂದ ಫೋಟೋವನ್ನು ಈಗಿನ ಸಾಫ್ಟ್‌ವೇರ್‌ಗಳು ಬಹಳ ಮಟ್ಟಿಗೆ ಸರಿಮಾಡುತ್ತವೆ, ಅಲುಗಿದ್ದನ್ನು ಸರಿಮಾಡುವುದು ತುಂಬಾ ಕಷ್ಟ. ಜೀಪಿನಲ್ಲಿ ಟ್ರೈಪಾಡ್ ನಿಲ್ಲಿಸಲು ಜಾಗ ಇರುವುದಿಲ್ಲ, ಕಾಳು ತುಂಬಿದ ಬಟ್ಟೆ ಚೀಲವನ್ನು ಕಂಬಿಯ ಮೇಲಿಟ್ಟು ಅದರ ಮೇಲೆ ಲೆನ್ಸ್ ಒರಗಿಸಿ. ಇಂಜಿನ್ ಆಫ್ ಮಾಡಲು ಹೇಳಿ, ಇಂಜಿನ್ ಓಡುತ್ತಿದ್ದರೆ ಚೀಲ ಇಟ್ಟರೂ ನಡುಗುತ್ತದೆ. 300ರ ಬದಲು 250ರ ಹತ್ತಿರ ನಿಲ್ಲಿಸಿ ನೋಡಿ, ಕೆಲವು ಲೆನ್ಸುಗಳಲ್ಲಿ ಅಷ್ಟಕ್ಕೇ ಚೂಪು ಜಾಸ್ತಿ ಆಗುತ್ತದೆ.

ತಗೊಳ್ಳಲು ಹೊರಟವರು ಆದಷ್ಟು ಕೈಯಲ್ಲಿ ಹಿಡಿದು ನೋಡಿ ತಗೊಳ್ಳಿ, ಅದೂ ನಿಮ್ಮದೇ ಕ್ಯಾಮೆರಾಗೆ ಹಾಕಿ. ಹಳೆಯ ಕೆಲವು ಜೂಮ್‌ಗಳಲ್ಲಿ ಫೋಕಸ್ ಮೋಟರೇ ಇರುವುದಿಲ್ಲ, ನಿಕಾನ್ ಡಿ3000, ಡಿ5000 ಸಾಲಿನಂಥ ಬಾಡಿಗಳಲ್ಲೂ ಇರುವುದಿಲ್ಲ. ಎರಡನ್ನೂ ಸೇರಿಸಿದರೆ ಕೈಯಲ್ಲೇ ಫೋಕಸ್ ತಿರುಗಿಸುತ್ತಾ ಕೂರಬೇಕು. ಅಂಗಡಿಯ ಬಾಗಿಲ ಕಡೆ ತಿರುಗಿಸಿ ಪರೀಕ್ಷೆ ಮಾಡಬೇಡಿ, ಬೆಳಕಿನಲ್ಲಿ ಎಲ್ಲ ಲೆನ್ಸೂ ಜಾಣ. ಮಂದ ಬೆಳಕಿನ ಮೂಲೆಗೆ ಹೋಗಿ 300ಕ್ಕೆ ತಿರುಗಿಸಿ, ಹತ್ತಿರದ ವಸ್ತುವಿನಿಂದ ದೂರದ ಗೋಡೆಗೆ ಫೋಕಸ್ ಎಷ್ಟು ಹೊತ್ತಿಗೆ ಹೋಗುತ್ತದೆ ನೋಡಿ. ಆಕಾಶದ ಎದುರಿಗಿರುವ ಒಣ ರೆಂಬೆಯ ಫೋಟೋ ತೆಗೆದು ಅಂಚಿನಲ್ಲಿ ನೇರಳೆ ಗೆರೆ ಬರುತ್ತದಾ ನೋಡಿ. ಲೆನ್ಸನ್ನು ನೆಲದ ಕಡೆ ಇಳಿಬಿಟ್ಟಾಗ ಕೊಳವೆ ತಾನಾಗಿ ಜಾರಿ ಬಂದರೆ ಬೇಡ. ಸೆಕೆಂಡ್ ಹ್ಯಾಂಡ್ ಆದರೆ ಹಿಂದಿನಿಂದ ಟಾರ್ಚ್ ಹಿಡಿದು ಒಳಗೆ ನೋಡಿ, ನೂಲಿನ ಹಾಗೆ ಕವಲೊಡೆದ ಗೆರೆ ಕಂಡರೆ ಅದು ಫಂಗಸ್. ಜೂಮ್ ಮಾಡುವಾಗ ಉದ್ದ ಆಗುವ ಲೆನ್ಸ್ ಪ್ರತಿ ಸಲವೂ ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ, ಅದರ ಜೊತೆ ಧೂಳು, ತೇವ ಕೂಡ.

ಆನ್‌ಲೈನ್‌ನಲ್ಲೇ ತರಿಸುವುದಾದರೆ ಮಾರುವವರ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಲೆನ್ಸಿನ ಪೂರ್ತಿ ಹೆಸರು ಕಾಣಬೇಕು. ಪ್ಯಾಕ್ ಒಡೆದ ಮೇಲೂ ವಾಪಸ್ ತಗೊಳ್ಳುತ್ತಾರಾ ಅಂತ ದುಡ್ಡು ಕಟ್ಟುವ ಮುಂಚೆ ಬರಹದಲ್ಲಿ ಕೇಳಿ, ಫೋನಿನಲ್ಲಿ ಹೇಳಿದ್ದು ಯಾವುದೂ ಆಮೇಲೆ ಉಳಿಯುವುದಿಲ್ಲ. ಒಡೆಯುವಾಗ ತಡೆಯಿಲ್ಲದೆ ಒಂದೇ ವಿಡಿಯೋ ಮಾಡಿ, ಅದರಲ್ಲಿ ಬಾಕ್ಸಿನ ಸೀಲ್, ಲೆನ್ಸಿನ ಮೇಲಿನ ಹೆಸರು, ಸೀರಿಯಲ್ ನಂಬರ್ ಮೂರೂ ಬರಲಿ. ಮತ್ತೆ, ಟ್ರಿಪ್‌ಗೆ ಎರಡು ವಾರ ಮುಂಚೆಯಾದರೂ ತರಿಸಿ. ಬೇರೆ ದಾರಿ ಇಲ್ಲದೆ ಅದನ್ನೇ ಇಟ್ಟುಕೊಳ್ಳಲಿ ಅಂತ ಕಾಯುವವರೂ ಇರುತ್ತಾರೆ.