ಬೈಕ್ ಬ್ಯಾಟರಿ: ಚಾರ್ಜ್ ಮಾಡಿದರೆ ಸಾಕೇ, ಬದಲಿಸಲೇಬೇಕೇ?

ಸ್ಟಾರ್ಟರ್ ಗುಂಡಿ ಒತ್ತಿದಾಗ ಎಂಜಿನ್ ತಿರುಗದೆ ಬರೀ ಟಕ್ ಟಕ್ ಸದ್ದು ಬಂದೊಡನೆ ಬ್ಯಾಟರಿ ಸತ್ತಿತೆಂದು ತೀರ್ಮಾನಿಸುವುದು ಆತುರವಾಗುತ್ತದೆ. ಟರ್ಮಿನಲ್ (ಬ್ಯಾಟರಿಗೆ ತಂತಿ ಜೋಡಿಸುವ ತುದಿ) ಸಡಿಲವಾಗಿದ್ದರೂ, ಅದರ ಮೇಲೆ ಬಿಳಿ ಪುಡಿ ಕಟ್ಟಿದ್ದರೂ ಇದೇ ಸದ್ದು ಬರುತ್ತದೆ. ಮೊದಲು ಅದನ್ನು ಉಜ್ಜಿ ಬಿಗಿ ಮಾಡಬೇಕು.

ವಾರಗಟ್ಟಲೆ ನಿಂತಿದ್ದ ಬೈಕಿನ ಬ್ಯಾಟರಿ ಬರಿದಾಗಿದ್ದರೆ ಅದು ಬಹುಮಟ್ಟಿಗೆ ಚಾರ್ಜಿನಿಂದ ಚೇತರಿಸಿಕೊಳ್ಳುತ್ತದೆ. 12 ವೋಲ್ಟಿನ ಲೆಡ್-ಆ್ಯಸಿಡ್ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಒಂದು ರಾತ್ರಿ ಹಾಗೆಯೇ ಬಿಟ್ಟು, ಬೆಳಿಗ್ಗೆ ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿದಾಗ ಸುಮಾರು 12.6 ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚು ತೋರಿಸಿದರೆ ಸದ್ಯಕ್ಕೆ ಉಳಿಸಿಕೊಳ್ಳಬಹುದು. ಆದರೆ ಈ ಅಂಕಿಯೊಂದನ್ನೇ ನಂಬುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ: ಅದೇ ಬ್ಯಾಟರಿ ಸ್ಟಾರ್ಟರ್ ಒತ್ತಿದ ಕ್ಷಣ 9 ವೋಲ್ಟಿಗಿಂತ ಕೆಳಗೆ ಕುಸಿದರೆ, ಒಳಗಿನ ಸೀಸದ ಪ್ಲೇಟುಗಳು ಸವೆದೋ, ಅವುಗಳ ಮೇಲೆ ಸಲ್ಫೇಟ್ ಪದರ ಕಟ್ಟಿಕೊಂಡೋ ಹೊರೆ ತಾಳುವ ಶಕ್ತಿ ಕಳೆದುಕೊಂಡಿವೆ ಎಂದು ಭಾವಿಸಿ ಬದಲಿಸುವುದೇ ಲೇಸು. ಹೊರಕವಚ ಉಬ್ಬಿದ್ದರಂತೂ ಚಾರ್ಜಿಗೆ ಹಾಕಲೇಬಾರದು.

ಬೈಕ್ ಓಡುವಾಗ ಬ್ಯಾಟರಿ ಸರಿಯಾಗಿ ಚಾರ್ಜ್ ಆಗುತ್ತಿದೆಯೇ ಎಂದೂ ನೋಡಬೇಕು: ಎಂಜಿನ್ ವೇಗ ಹೆಚ್ಚಿಸಿದಾಗ ಟರ್ಮಿನಲ್‌ಗಳ ನಡುವೆ ಸುಮಾರು 13.5ರಿಂದ 14.5 ವೋಲ್ಟ್ ಬರಬೇಕು. ಬಾರದಿದ್ದರೆ ದೋಷವನ್ನು ರೆಗ್ಯುಲೇಟರ್ (ವೋಲ್ಟೇಜ್ ಹದಗೊಳಿಸುವ ಭಾಗ), ಸ್ಟೇಟರ್ (ಎಂಜಿನ್ ತಿರುಗುವಾಗ ವಿದ್ಯುತ್ ಉತ್ಪಾದಿಸುವ ಸುರುಳಿ) ಅಥವಾ ವೈರಿಂಗ್‌ನಲ್ಲಿ ಹುಡುಕಬೇಕು. ಅದನ್ನು ಸರಿಪಡಿಸದೆ ಹಾಕಿದ ಹೊಸ ಬ್ಯಾಟರಿಯೂ ಬೇಗನೆ ಬರಿದಾಗುತ್ತದೆ.