ದುರ್ಗದ ಬೈಲಿನ ಡ್ರೈಫ್ರೂಟ್ಸ್ ಅಂಗಡಿ: ಡಬ್ಬಿಯ ಮೇಲಿನ ದೇಶ, ಡಬ್ಬಿಯೊಳಗಿನ ಬೀಜ

ಮಗಳ ಬಾಣಂತನಕ್ಕೆಂದು ಅಂಟಿನ ಉಂಡಿ ಕಟ್ಟಬೇಕಾಗಿದ್ದರಿಂದ ಈ ಎರಡು ತಿಂಗಳಲ್ಲಿ ನಾಲ್ಕು ಸಲ ಹುಬ್ಬಳ್ಳಿಯ ದುರ್ಗದ ಬೈಲಿನ ಹತ್ತಿರವಿರುವ ಒಂದು ಡ್ರೈಫ್ರೂಟ್ಸ್ ಅಂಗಡಿಗೆ ಹೋಗಿ ಬಂದಿದ್ದೇನೆ. ಮಾಲು ಯಾವ ದೇಶದ್ದೆಂದು ಡಬ್ಬಿಗಳಿಗೆ ಚೀಟಿ ಅಂಟಿಸುವ ಅಂಗಡಿ ಈ ಊರಿನಲ್ಲಿ ನಾನು ಕಂಡದ್ದು ಇದೊಂದೇ. ದರ ಪಕ್ಕದ ಅಂಗಡಿಗಳಿಗಿಂತ ಸ್ವಲ್ಪ ಹೆಚ್ಚು. ಆ ಹೆಚ್ಚಿನ ಹಣವನ್ನು ಚೀಟಿಯನ್ನು ನಂಬಿಯೇ ಕೊಡುತ್ತೇವಾದ್ದರಿಂದ, ಅದು ಎಷ್ಟು ನಿಜ ಹೇಳುತ್ತದೆ ಎಂಬುದನ್ನೇ ಇಲ್ಲಿ ಮುಖ್ಯವಾಗಿ ಬರೆಯುತ್ತಿದ್ದೇನೆ.

ಬಾದಾಮಿಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಜಗತ್ತಿನ ಬಾದಾಮಿಯಲ್ಲಿ ಸುಮಾರು ಮುಕ್ಕಾಲು ಪಾಲು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲೇ ಬೆಳೆಯುತ್ತದೆ. ಅದರ ಬಹುಪಾಲು ರಫ್ತಾಗುತ್ತದೆ. ಈಚಿನ ವರ್ಷಗಳಲ್ಲಿ ಅತಿ ದೊಡ್ಡ ಗಿರಾಕಿ ಭಾರತವೇ. ರಫ್ತಿನಲ್ಲಿ ಆಸ್ಟ್ರೇಲಿಯಾ ಮತ್ತು ಸ್ಪೇನ್ ಬಹಳ ಹಿಂದಿವೆಯಾದರೂ, ಆಸ್ಟ್ರೇಲಿಯಾದ ಕೊಯ್ಲು ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನಡೆಯುವುದರಿಂದ, ಕ್ಯಾಲಿಫೋರ್ನಿಯಾದ ಮಾಲು ಹಳೆಯದಾಗುತ್ತ ಬರುವ ತಿಂಗಳುಗಳಲ್ಲಿ ಅಲ್ಲಿಯ ಹೊಸ ಮಾಲು ನಮಗೆ ಸಿಗುತ್ತದೆ. 2022ರ ಡಿಸೆಂಬರ್ 29ರಂದು ಜಾರಿಗೆ ಬಂದ ಭಾರತ–ಆಸ್ಟ್ರೇಲಿಯಾ ವ್ಯಾಪಾರ ಒಪ್ಪಂದದಿಂದ ಅದರ ಸುಂಕವೂ ಇಳಿದಿದೆ. ಈ ಅಂಗಡಿಯವರು ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಇಡುತ್ತಾರೆ, ಕಲಸುವುದಿಲ್ಲ. ಇರಾನ್ ಮತ್ತು ಅಫ್ಘಾನಿಸ್ತಾನದ ಕಡೆಯಿಂದ ಬರುವ ಮಾಮ್ರಾ ಎಂಬ ಜಾತಿಯ ಬಾದಾಮಿಯ ಪ್ರಮಾಣ ಇವುಗಳ ಮುಂದೆ ಅತ್ಯಲ್ಪ, ದರ ಮಾತ್ರ ಹಲವು ಪಟ್ಟು. ಮಾಲೀಕರು ಒಂದು ಮಾಮ್ರಾ ಕಾಳನ್ನು ಜಜ್ಜಿ ಬಿಳಿ ಕಾಗದದ ಮೇಲೆ ಒತ್ತಿ ತೋರಿಸಿದಾಗ ಎಣ್ಣೆಯ ಕಲೆ ನಾಲ್ಕಾಣೆಯಷ್ಟು ಅಗಲ ಹರಡಿತು; ಪಕ್ಕದಲ್ಲಿ ಒತ್ತಿದ ಕ್ಯಾಲಿಫೋರ್ನಿಯಾ ಕಾಳಿನ ಕಲೆ ಅದರ ಅರ್ಧದಷ್ಟೂ ಇರಲಿಲ್ಲ. ಬಾಣಂತಿಗೆಂದು ಅರ್ಧ ಕಿಲೋ ಮಾಮ್ರಾ ತಂದೆ.

ತಕರಾರಿರುವುದು ಗೋಡಂಬಿಯಲ್ಲಿ. ಒಂದು ಡಬ್ಬಿಗೆ ‘ವಿಯೆಟ್ನಾಂ’, ಇನ್ನೊಂದಕ್ಕೆ ‘ಮಂಗಳೂರು’ ಎಂಬ ಚೀಟಿಯಿದೆ. ವಿಯೆಟ್ನಾಂ ವರ್ಷಕ್ಕೆ 6 ಲಕ್ಷ ಟನ್ನಿಗೂ ಹೆಚ್ಚು ಗೋಡಂಬಿ ರಫ್ತು ಮಾಡುವುದು ನಿಜ. ಒಂದು ಕಾಲಕ್ಕೆ ಮೊದಲ ಸ್ಥಾನದಲ್ಲಿದ್ದ ಭಾರತದ ರಫ್ತು ಇಂದು ಒಂದು ಲಕ್ಷ ಟನ್ನನ್ನೂ ಮುಟ್ಟುವುದಿಲ್ಲ. ನಾವು ಬೆಳೆದದ್ದನ್ನೂ ತರಿಸಿಕೊಂಡದ್ದನ್ನೂ ಹೆಚ್ಚಾಗಿ ನಾವೇ ತಿನ್ನುತ್ತೇವೆ. ಆದರೆ ಕಚ್ಚಾ ಗೇರುಬೀಜ ಬೆಳೆಯುವುದರಲ್ಲಿ ಮುಂದಿರುವ ದೇಶ ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್. ಅಲ್ಲಿಯ ಸುಮಾರು 10 ಲಕ್ಷ ಟನ್ ಫಸಲಿನಲ್ಲಿ ಹೆಚ್ಚಿನ ಪಾಲು ಸಿಪ್ಪೆ ಒಡೆಯದೆಯೇ ಹಡಗು ಹತ್ತಿ ವಿಯೆಟ್ನಾಮಿಗೂ ಭಾರತಕ್ಕೂ ಹೋಗುತ್ತದೆ. ನಾಲ್ಕು ಕಿಲೋಗೂ ಸ್ವಲ್ಪ ಹೆಚ್ಚು ಕಚ್ಚಾ ಬೀಜ ಒಡೆದರೆ ಒಂದು ಕಿಲೋ ತಿರುಳು ಸಿಗುವುದರಿಂದ, ಒಂದು ದೇಶದ ಸಿಪ್ಪೆ ಸಹಿತ ತೂಕವನ್ನು ಇನ್ನೊಂದು ದೇಶದ ತಿರುಳಿನ ತೂಕದ ಪಕ್ಕದಲ್ಲಿಟ್ಟು ಯಾರು ದೊಡ್ಡವರೆಂದು ಹೇಳುವಂತಿಲ್ಲ. ಚೀಟಿಯ ಮೇಲಿನ ಹೆಸರು ಬೀಜ ಒಡೆದ ಊರಿನದು, ಅದು ಬೆಳೆದ ನೆಲದ್ದಲ್ಲ. ಮಂಗಳೂರಿನ ಡಬ್ಬಿಯಲ್ಲಿರುವ ತಿರುಳೂ ಆಫ್ರಿಕಾದ ಮರದ್ದಾಗಿರಬಹುದು.

ಇದು ಅಂಗಡಿಯೊಂದರ ತಪ್ಪಲ್ಲವೆಂದು ಬಿಡಬಹುದಿತ್ತು. ಎಣಿಕೆಯ ವಿಷಯವನ್ನು ಹಾಗೆ ಬಿಡಲಾಗುವುದಿಲ್ಲ. 240 ನಂಬರಿನ ಗೋಡಂಬಿ ಎಂದರೆ ಒಂದು ಪೌಂಡಿಗೆ, ಅಂದರೆ 454 ಗ್ರಾಮಿಗೆ, 220ರಿಂದ 240 ಇಡೀ ಬೀಜಗಳು. 320 ನಂಬರಿಗೆ 300ರಿಂದ 320. ನಾನು 240ರ ದರ ಕೊಟ್ಟು ತಂದದ್ದನ್ನು ಮನೆಯಲ್ಲಿ 100 ಗ್ರಾಂ ತೂಗಿ, ತಾಟಿನಲ್ಲಿ ಹರವಿ ಎಣಿಸಿದೆ. 53ರ ಒಳಗೆ ಬರಬೇಕಾದದ್ದು 68 ಬಂದಿತು. ಅದು ಸ್ಪಷ್ಟವಾಗಿ 320ರ ಮಾಲು. ಮರುದಿನ ಒಯ್ದು ತೋರಿಸಿದಾಗ ಮಾಲೀಕರು ವಾದಿಸಲಿಲ್ಲ. “ಅಕ್ಕಾರ, ಡಬ್ಬಿ ತುಂಬೂ ಹುಡುಗ ಅದಲು ಬದಲು ಮಾಡ್ಯಾನ್ರಿ” ಎಂದು ನನ್ನೆದುರೇ ಬೇರೆ ಮಾಲು ಎಣಿಸಿ ಕೊಟ್ಟರು. ಅವರ ಮಾತನ್ನು ನಾನು ನಂಬುತ್ತೇನೆ; ಆದರೆ ನನ್ನಂತೆ ಎಣಿಸದೆ ಒಯ್ದವರ ಹಣ ಹೋದದ್ದು ಹೋದಂತೆಯೇ.

ಪಿಸ್ತಾದಲ್ಲಿ ಅಮೆರಿಕ ಮತ್ತು ಇರಾನ್ ಎರಡರದೂ ಇದೆ, ಎರಡೂ ಚೆನ್ನಾಗಿವೆ. ಅಕ್ರೋಟಿನಲ್ಲಿ ಚಿಲಿ ದೇಶದ್ದು ಬೆಳ್ಳಗಿದ್ದು ಸಿಹಿಯಾಗಿತ್ತು. ಕಾಶ್ಮೀರದ್ದೆಂದು ಕೊಟ್ಟದ್ದು ಕಮಟಾಗಿತ್ತು.

ನನಗೆ ನಿಜವಾಗಿ ನೋವಾದದ್ದು ಶೇಂಗಾದ ಚೀಲದ ಮುಂದೆ. ಎಲ್ಲ ಡಬ್ಬಿಗಳ ಮೇಲೆ ದೇಶದ ಹೆಸರಿರುವ ಈ ಅಂಗಡಿಯಲ್ಲಿ, ಗದಗ ಸೀಮೆಯ ಶೇಂಗಾಕ್ಕೆ ಚೀಟಿಯೇ ಇಲ್ಲ. ಕೇಳಿದ ಮೇಲೆಯೇ ಊರು ತಿಳಿಯಿತು. ಶೇಂಗಾ ಬೆಳೆಯುವುದರಲ್ಲಿ ಚೀನಾ ಮೊದಲು, ನಾವು ಎರಡನೆಯವರು. ಚೀನಾ ಬೆಳೆದದ್ದನ್ನು ಬಹುತೇಕ ತಾನೇ ಬಳಸಿಕೊಂಡರೆ, ಅದರ ಮುಂದೆ ಬಹಳ ಕಡಿಮೆ ಬೆಳೆಯುವ ಅರ್ಜೆಂಟೀನಾ ತನ್ನ ಫಸಲಿನ ಹೆಚ್ಚಿನ ಪಾಲನ್ನು ಹೊರದೇಶಕ್ಕೆ ಕಳಿಸುತ್ತದೆ. ಭಾರತದಿಂದ 2022–23ರಲ್ಲಿ 6 ಲಕ್ಷ ಟನ್ನಿಗೂ ಹೆಚ್ಚು ಶೇಂಗಾ ಹೊರಗೆ ಹೋಯಿತು, ಅದರಲ್ಲಿ ದೊಡ್ಡ ಪಾಲು ಇಂಡೋನೇಷ್ಯಾಕ್ಕೆ. ಯುರೋಪಿಗೆ ಕಳಿಸುವುದು ಕಷ್ಟ, ಏಕೆಂದರೆ ನೇರವಾಗಿ ತಿನ್ನುವ ಶೇಂಗಾದಲ್ಲಿ ಬೂಸ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ವಿಷ ಕಿಲೋಗೆ 4 ಮೈಕ್ರೋಗ್ರಾಂ ಮೀರಬಾರದೆಂದು ಅಲ್ಲಿಯ ನಿಯಮ. ಇಲ್ಲಿಂದ ತಂದ ಎರಡು ಕಿಲೋ ಶೇಂಗಾವನ್ನು ಮೊರದಲ್ಲಿ ಹಾಕಿ ಆರಿಸಿದಾಗ ಮುದುಡಿ ಕಪ್ಪಾದ ಕಾಳು ಹನ್ನೊಂದೇ ಸಿಕ್ಕವು. ಹುರಿದು ತಿಕ್ಕಿದರೆ ಸಿಪ್ಪೆ ಸಲೀಸಾಗಿ ಬಿಟ್ಟಿತು, ಹೋಳಿಗೆಯ ಹೂರಣ ಎಣ್ಣೆ ಬಿಡದೆ ಹದವಾಗಿ ನಿಂತಿತು. ಅಂಗಡಿಯಲ್ಲಿ ನಾನು ಕೊಂಡ ಮಾಲಿನಲ್ಲಿ ದರಕ್ಕೆ ತಕ್ಕುದಕ್ಕಿಂತ ಹೆಚ್ಚು ಕೊಟ್ಟದ್ದು ಇದೊಂದೇ. ಈ ಚೀಲಕ್ಕೂ ಊರಿನ ಹೆಸರು ಬರೆದು ಅಂಟಿಸಿರೆಂದು ಮಾಲೀಕರಿಗೆ ಹೇಳಿ ಬಂದಿದ್ದೇನೆ. ಉಂಡಿಯ ಎರಡನೆಯ ಸರದಿಗೆ ಬಾದಾಮಿ, ಶೇಂಗಾ ಎರಡನ್ನೂ ಅಲ್ಲಿಂದಲೇ ತರುತ್ತೇನೆ. ಗೋಡಂಬಿಯನ್ನು ಮಾತ್ರ ಅವರ ತಕ್ಕಡಿಯಲ್ಲೇ 100 ಗ್ರಾಂ ತೂಗಿಸಿ, ಎಣಿಸಿ ತರುತ್ತೇನೆ.